ಹಳೇ ಏರ್ ರೈಫಲ್ಲು, ಐದು ಡಬ್ಬಿ ಪೆಲೆಟ್ಟು

ನಮ್ಮ ಮನೆಯಲ್ಲಿ ಕೋವಿ ಇರುವುದು ತೋಟಕ್ಕೆ ಬರುವ ಹಂದಿ ಓಡಿಸುವುದಕ್ಕೆ. ಎಲೆಕ್ಷನ್ ಬಂತು ಅಂದರೆ ಅಪ್ಪ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುತ್ತಾರೆ. ನಾನು ಹತ್ತು ಮೀಟರ್ ದೂರದ ಗುರಿಗೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್ ತಂದ ದಿನ ಅವರು ಕೇಳಿದ್ದು ಇಷ್ಟೇ: "ಇದಕ್ಕೆ ಕಾಗೆನಾದ್ರೂ ಬೀಳುತ್ತೇನೋ?"

ಬೀಳಿಸುವುದಕ್ಕಲ್ಲ, ಇದು ಕಾಗದಕ್ಕೆ ಹೊಡೆಯುವುದು. ಮನೆಯಲ್ಲೇ ಬಿಡಿಭಾಗ ತಂದು ಬಂದೂಕು ಜೋಡಿಸುವುದು ನಮ್ಮ ದೇಶದಲ್ಲಿ ಅಪರಾಧ. ಆದರೆ 4.5 ಮಿ.ಮೀ. ಬೋರಿನ (ನಳಿಗೆಯ ಒಳ ಅಗಲ), ಗುಂಡಿನ ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಾಗಾಗಿ ನನ್ನ ರಿಪೇರಿ ಹುಚ್ಚೆಲ್ಲ ಇದರ ಮೇಲೆ.

ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಯದ್ದು, ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿ ಹೊಡೆಯುವಂಥದ್ದು. ಉಳಿದ ದುಡ್ಡಿಗೆ ಹೊಸ ಬ್ಯಾರೆಲ್ ಹಾಕಿಸೋಣ ಅಂತ ಲೆಕ್ಕ ಹಾಕಿದ್ದೆ. ಆಮೇಲೆ ಸಿಲಿಂಡರಿನ ಮೇಲೆ ಕೊರೆದಿದ್ದ ತಾರೀಕು ಓದಿದೆ. ಅದರ ಆಯಸ್ಸು ಹತ್ತು ವರ್ಷ, ದಾಟಿ ಹೋಗಿತ್ತು. ಮಾರಿದವರು ಬಾಯಿ ಬಿಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊದಲ ದುಡ್ಡು ಹೊಸ ಸಿಲಿಂಡರಿಗೇ ಹೋಯ್ತು.

ಅದೂ ಒಳ್ಳೆಯದೇ ಆಯ್ತು ಅನ್ನಿ. ಬ್ಯಾರೆಲ್ಲಿನಲ್ಲಿ ಏನೂ ತಪ್ಪಿರಲಿಲ್ಲ. ಅದಕ್ಕೆ ಹಿಡಿಸುವ ಪೆಲೆಟ್ (ಸೀಸದ ಸಣ್ಣ ಗುಂಡು) ಯಾವುದು ಅಂತ ನಾನೇ ಹುಡುಕಿರಲಿಲ್ಲ.

ಒಂದು ಭಾನುವಾರ ನಮ್ಮ ಕಾಫಿ ಗೋಡೌನಿನಲ್ಲಿ ಹತ್ತು ಮೀಟರ್ ಅಳೆದೆ. ಮೂಟೆಗಳೆಲ್ಲ ಕ್ಯೂರಿಂಗಿಗೆ ಹೋಗಿ ಜಾಗ ಖಾಲಿ ಇತ್ತು. ಆಚಾರ್ರ ಹತ್ತಿರ ವೈಸು ಎರವಲು ತಂದು ಭಾರದ ಮೇಜಿಗೆ ಬಿಗಿದೆ. ಅದರ ಬಾಯಿಗೆ ಗೋಣಿ ಸುತ್ತಿ ರೈಫಲ್ ಕೂರಿಸಿದೆ. ಐದು ಡಬ್ಬಿ ಪೆಲೆಟ್, ಎಲ್ಲವೂ ಚಪ್ಪಟೆ ಮೂತಿಯವು: 4.49, 4.50, 4.51 ಮಿ.ಮೀ. ಅಗಲದ ತಲೆಯವು, ಬೇರೆ ಬೇರೆ ಕಂಪನಿಯವು. ಒಂದೊಂದರಲ್ಲೂ ಲೆಕ್ಕಕ್ಕೆ ಹತ್ತು ಹತ್ತು ಹೊಡೆದೆ. ಡಬ್ಬಿ ಬದಲಿಸಿದಾಗೆಲ್ಲ ಅದಕ್ಕೂ ಮುಂಚೆ ಬೇರೆ ಹತ್ತು ಹೊಡೆದು, ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಳೇ ಸೀಸ ಬ್ಯಾರೆಲ್ಲಿನಿಂದ ಹೋಗಬೇಕಲ್ವಾ?

ತೂತುಗಳ ಗುಂಪನ್ನು ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಅಳತೆಪಟ್ಟಿಯಲ್ಲಿ ಅಳೆದು, ಪೆಲೆಟ್ಟಿನ 4.5 ಕಳೆದೆ. ಎಲ್ಲಕ್ಕಿಂತ ದುಬಾರಿ ಡಬ್ಬಿ ನಾಲ್ಕು ಮಿ.ಮೀ. ಮೀರಿ ಹರಡಿತ್ತು. ಅದರ ಅರ್ಧ ಬೆಲೆಯ 4.49ರದ್ದು ಎರಡಕ್ಕೂ ಕಮ್ಮಿ. ನಂಬಿಕೆ ಬರಲಿಲ್ಲ, ಊಟ ಮಾಡಿ ಬಂದು ಮತ್ತೆ ಹೊಡೆದೆ. ಅದೇ ಫಲ. ಟಾರ್ಗೆಟ್ಟಿನ ನಡುವಿನ ಹತ್ತು ಅಂಕದ ಜಾಗ ಅನ್ನೋದು ಬರೀ ಅರ್ಧ ಮಿ.ಮೀ. ಚುಕ್ಕೆ. ರೈಫಲ್ಲೇ ನಾಲ್ಕು ಮಿ.ಮೀ. ಹರಡಿದರೆ ನನ್ನ ಕೈ ನಡುಕಕ್ಕೆ ಜಾಗ ಎಲ್ಲಿ?

ಉಳಿದ ಬಿಡಿಭಾಗಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಎತ್ತರ ಹೊಂದಿಸಬಹುದಾದ, ಭುಜಕ್ಕೆ ಒರಗಿಸುವ ಬಟ್ ಪ್ಲೇಟು ಮತ್ತು ಕೆನ್ನೆ ಇಡುವ ಚೀಕ್ ಪೀಸು. ಚೀಕ್ ಪೀಸ್ ಸರಿಯಾಗಿದೆಯಾ ಅಂತ ನೋಡಲು ಕಣ್ಣು ಮುಚ್ಚಿ ಕೆನ್ನೆ ಇಡಿ, ಕತ್ತು ಸಡಿಲ ಬಿಡಿ, ಆಮೇಲೆ ಕಣ್ಣು ಬಿಡಿ. ಗುರಿ ನೋಡುವ ಹಿಂದಿನ ಡಯಾಪ್ಟರ್ ತೂತಿನ ನಡುವಿಗೇ ಕಣ್ಣು ಬಂದಿರಬೇಕು. ನನ್ನದು ಕೆಳಗಿತ್ತು. ಕಾಫಿ ಪುಡಿ ಪ್ಯಾಕೆಟ್ಟಿನ ರಟ್ಟು ಮಡಚಿ ಟೇಪು ಸುತ್ತಿದೆ. ಎರಡು ವಾರ ಹಾಗೇ ಹೊಡೆದು, ಎಷ್ಟು ಎತ್ತರ ಬೇಕು ಅಂತ ಗೊತ್ತಾದ ಮೇಲೆ ಚೀಕ್ ಪೀಸ್ ಕೊಂಡೆ.

ಗುರಿ ನೋಡಲು ಬ್ಯಾರೆಲ್ ತುದಿಯಲ್ಲಿರುವ ಮುಂದಿನ ರಿಂಗಿನಲ್ಲೂ ತಪ್ಪಿದ್ದೆ. ಚಿಕ್ಕದಾದಷ್ಟೂ ನಿಖರ ಅಂದುಕೊಂಡು 3.2 ಮಿ.ಮೀ.ನದ್ದು ಹಾಕಿದ್ದೆ. ಟಾರ್ಗೆಟ್ಟಿನ ಕಪ್ಪು ವೃತ್ತದ ಸುತ್ತ ಬಿಳಿಯೇ ಕಾಣದೆ ಕಣ್ಣಲ್ಲಿ ನೀರು ಬರುತ್ತಿತ್ತು. 4.2ಕ್ಕೆ ಬಂದ ಮೇಲೆ ನಿರಾಳ.

ಟ್ರಿಗರ್ ಮಾತ್ರ ತೀರಾ ಹಗುರ ಮಾಡಬೇಡಿ. ಡಿಸೆಂಬರಿನ ಬೆಳಗ್ಗೆ ಚಿಕ್ಕಮಗಳೂರಿನ ಚಳಿಗೆ ಬೆರಳು ಮರಗಟ್ಟಿ, ಮುಟ್ಟಿದ್ದೇ ಗೊತ್ತಾಗದೆ ಎರಡು ಸಲ ಗುಂಡು ಹಾರಿತು. ಬ್ಯಾರೆಲ್ ಟಾರ್ಗೆಟ್ ಕಡೆಗೇ ಇದ್ದದ್ದಕ್ಕೆ ಬಚಾವ್. ಮತ್ತೆ ಅರ್ಧ ಸುತ್ತು ಬಿಗಿ ಮಾಡಿದೆ.

ಮಲೆನಾಡಿನಲ್ಲಿ ಇನ್ನೊಂದು ಕಾಟ ತೇವ. ಜುಲೈನಲ್ಲಿ ಕೈಪಂಪಿನಲ್ಲಿ ಗಾಳಿ ತುಂಬಿದರೆ ಗಾಳಿಯ ಜೊತೆ ನೀರೂ ಒಳಗೆ ಹೋಗುತ್ತದೆ. ಈಗ ಪಂಪಿಗೆ ತೇವ ಹೀರುವ ಫಿಲ್ಟರ್ ಹಾಕಿದ್ದೇನೆ, ಐವತ್ತು ಒತ್ತು ಒತ್ತಿ ಪಂಪು ತಣ್ಣಗಾಗುವ ತನಕ ಕಾಯುತ್ತೇನೆ. ಚೆನ್ನಾಗಿ ಹೊಡೆದ ಆ 4.49ರದ್ದೇ ಲಾಟಿನ (ಒಟ್ಟಿಗೆ ತಯಾರಾದ) ಡಬ್ಬಿ ಹತ್ತು ತಂದಿಟ್ಟಿದ್ದೆ. ಮುಚ್ಚಳ ಸಡಿಲವಿದ್ದ ಎರಡರಲ್ಲಿ ಪೆಲೆಟ್ಟುಗಳಿಗೆ ಬಿಳಿ ಪುಡಿ ಹತ್ತಿದೆ. ಉಳಿದ ಎಂಟನ್ನು ಅಮ್ಮನ ಏಲಕ್ಕಿ ಡಬ್ಬಿಯ ಪಕ್ಕ ಇಡಲು ಹೋಗಿ ಬೈಸಿಕೊಂಡೆ. ಸೀಸ ಅಡುಗೆಮನೆಗೆ ಬರಬಾರದು, ಅವರು ಹೇಳಿದ್ದೇ ಸರಿ. ಈಗ ಅವು ಗೋಡೌನಿನಲ್ಲಿ, ಬೀಗ ಹಾಕಿದ ಟ್ರಂಕಿನಲ್ಲಿವೆ.