ಲಾವಾ ನೆಲದಲ್ಲಿ ಅಅಲಿಇ ಬೆಳೆಸಿದ್ದು

ಹವಾಯಿಯ ದೊಡ್ಡ ದ್ವೀಪದ ದಕ್ಷಿಣಕ್ಕೆ, ಕಾಊ ಸೀಮೆಯಲ್ಲಿ ನಮ್ಮ ಮನೆ. ಸುತ್ತ ಇರುವುದು ಮೌನಾ ಲೋವಾ ಜ್ವಾಲಾಮುಖಿ ಉಗುಳಿದ ಕಪ್ಪು ಕಲ್ಲು. 1907ರ ಲಾವಾ ಇಳಿದದ್ದು ಇದೇ ಇಳಿಜಾರಿನಲ್ಲಿ. ಕುಡಿಯುವುದಕ್ಕೂ ಗಿಡಕ್ಕೂ ಚಾವಣಿಯಿಂದ ತೊಟ್ಟಿಗೆ ಬೀಳುವ ಮಳೆನೀರೇ ಗತಿ. ಇಂಥ ನೆಲದಲ್ಲಿ ತಾನಾಗಿ ಎದ್ದು ನಿಲ್ಲುವ ಪೊದೆ ಅಅಲಿಇ. ಚಿತ್ರದುರ್ಗದ ಗುಡ್ಡ ಹತ್ತಿದವರಿಗೆ ಇದು ಹೊಸದಲ್ಲ. ಅಲ್ಲಿನ ಬಂದರಿಕೆಯೇ ಇದು, ಡೊಡೊನಿಯಾ ವಿಸ್ಕೋಸಾ. ಅದೇ ಅಂಟಂಟು ಎಲೆ, ಅದೇ ರೆಕ್ಕೆಯ ಕಾಯಿ. ನಮ್ಮ ಕಡೆ ಉಳುಕಿಗೆ ಅದರ ಸೊಪ್ಪು ಕಟ್ಟುತ್ತಾರೆ, ಸೌದೆಗೆ ಕಡಿಯುತ್ತಾರೆ. ಇಲ್ಲಿ ಕಾಯಿ ಮುಡಿಗೇರುತ್ತದೆ.

ಹುಲಾ ನರ್ತಕರ ಲೇ ಹಾರಕ್ಕೆ ಈ ಕೆಂಪು ಕಾಯಿಗೊಂಚಲು ಬೇಕು. ಈಸ್ಟರ್ ಹೊತ್ತಿಗೆ ಹಿಲೋ ಊರಲ್ಲಿ ಮೆರ್ರಿ ಮೊನಾರ್ಕ್ ಎಂಬ ಹುಲಾ ಉತ್ಸವ ಬರುತ್ತದೆ, ಕಾಡಿನ ಹೂ ಎಲೆಗಳ ಮೇಲೆ ಕೈ ಬೀಳುತ್ತದೆ. ಶಿಲೀಂಧ್ರ ರೋಗ ಒಹಿಯಾ ಮರಗಳನ್ನು ಕೊಲ್ಲತೊಡಗಿದ ಮೇಲೆ ಅದರ ಲೆಹುವಾ ಹೂವನ್ನು ಮುಟ್ಟದಿರೋಣ ಎಂಬ ಮಾತೂ ಎದ್ದಿತು. ನನಗೆ ಹಾರ ಕಟ್ಟಲು ಕಲಿಸಿದ ನೆರೆಮನೆಯ ಆಂಟಿ ಮೊದಲೇ ಹೇಳಿದ್ದರು: ಹಾರ ಕಟ್ಟುವವಳು ತನ್ನ ಗಿಡವನ್ನು ತಾನೇ ಬೆಳೆಸಬೇಕು.

ಬೀಜವನ್ನು ಅವರ ಹಿತ್ತಿಲಿನಿಂದಲೇ ಕೇಳಿ ತಂದೆ. ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ ಅಂಗೈಯಲ್ಲಿ ಉಜ್ಜಿ ಊದಿದರೆ ರೆಕ್ಕೆಗಳು ಹಾರಿ, ಸಣ್ಣ ಕರಿ ಬೀಜ ಉಳಿಯುತ್ತದೆ. ಅದರ ಸಿಪ್ಪೆ ಗಟ್ಟಿ, ನೀರು ಒಳಗಿಳಿಯದು. ಕಾಡಿಗೆ ಬೆಂಕಿ ಬಿದ್ದ ಮೇಲೆ ಅಅಲಿಇ ಹುಲುಸಾಗಿ ಹುಟ್ಟುತ್ತದಲ್ಲ, ಆ ಬಿಸಿಗೆ ಸಿಪ್ಪೆ ನೀರಿಗೆ ದಾರಿ ಬಿಡುತ್ತದೆ. ಅದೇ ಕೆಲಸವನ್ನು ನಾನು ಬಿಸಿನೀರಿನಿಂದ ಮಾಡಿಸಿದೆ. ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಬೀಜದ ಮೇಲೆ ಸುರಿದು, ರಾತ್ರಿಯಿಡೀ ಅದರಲ್ಲೇ ನೆನೆಯಲು ಬಿಟ್ಟೆ. ಉಬ್ಬಿದವನ್ನು ಬಿತ್ತಿದೆ, ಉಬ್ಬದವಕ್ಕೆ ಮತ್ತೊಮ್ಮೆ ಬಿಸಿನೀರು. ಕುಂಡಕ್ಕೆ ಲಾವಾದ ಪುಡಿಗಲ್ಲು, ಸ್ವಲ್ಪ ಕಾಂಪೋಸ್ಟ್. ನೀರು ನಿಂತರೆ ಸಸಿ ಕೊಳೆಯುತ್ತದೆ.

ಸಸಿ ಗೇಣುದ್ದವಾದಾಗ ಹಾರೆಯಿಂದ ಬಂಡೆಯ ಬಿರುಕು ಅಗಲಿಸಿ, ಪುಡಿಗಲ್ಲು ತುಂಬಿ ನೆಟ್ಟೆ. ಬೇರು ಹಿಡಿಯುವ ತನಕ ನೀರು. ಆಮೇಲೆ ಮಳೆಗೇ ಬಿಟ್ಟೆ. ಆಸರೆಗೆ ಕೋಲು ನೆಡಲಿಲ್ಲ. ಎಂಥ ಗಾಳಿಗೂ ಬೀಳದ ಅಅಲಿಇ ನಾವು ಎಂದು ಕಾಊ ಜನ ತಮ್ಮ ಬಗ್ಗೆ ಹೇಳಿಕೊಳ್ಳುವ ಹಳೆಯ ಗಾದೆಯೇ ಇದೆ.

ಒಂದು ವಿಷಯ ತಿಳಿದಿರಬೇಕು. ಇದರಲ್ಲಿ ಬಹುತೇಕ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ಗೊತ್ತಾಗದು. ಪರಾಗ ಒಯ್ಯುವುದು ಗಾಳಿ. ಹಾಗಾಗಿ ಗುಂಪಾಗಿ ನೆಡಬೇಕು, ಕಾಯಿ ಬಿಡಲಿಲ್ಲವೆಂದು ಗಂಡು ಗಿಡವನ್ನು ಕೀಳಬಾರದು. ಕಾಯಿಯ ಬಣ್ಣವೂ ಗಿಡಕ್ಕೊಂದು ತರ: ಕಡುಗೆಂಪು, ಗುಲಾಬಿ, ಹಳದಿ, ಹಸಿರು. ಈ ಬೆರಕೆಯಿಂದಲೇ ಹಾರಕ್ಕೆ ಕಳೆ.

ಬಣ್ಣ ತುಂಬಿ ಬಂದಾಗ, ಕಾಯಿ ಒಣಗುವ ಮುಂಚೆಯೇ ಕೊಯ್ಯುತ್ತೇನೆ. ಒಂದು ಗಿಡವನ್ನೇ ಬೋಳಿಸದೆ, ಗೊಂಚಲಿಗೆ ಒಂದೆರಡು ಎಲೆ ಉಳಿಸಿ, ಬೆರಳುದ್ದ ತೊಟ್ಟಿನ ಸಮೇತ. ಕಟ್ಟುವ ಬಗೆಗೆ ವಿಲಿ ಎನ್ನುತ್ತಾರೆ. ಮೆತ್ತಗೆ ಮಾಡಿದ ಟೀ ಗಿಡದ (ಚಹಾ ಅಲ್ಲ, ಉದ್ದ ಅಗಲ ಎಲೆಯ ಕಾರ್ಡಿಲೈನ್) ಎಲೆಯ ಪಟ್ಟಿಯ ಮೇಲೆ ಗೊಂಚಲಿಟ್ಟು, ರಾಫಿಯಾ ನಾರಿನಿಂದ ಬಿಗಿಯಾಗಿ ಸುತ್ತಿ, ಮುಂದಿನ ಗೊಂಚಲು ಹಿಂದಿನದರ ತೊಟ್ಟನ್ನು ಮುಚ್ಚುವಂತೆ ಇಡುತ್ತಾ ಹೋಗುವುದು. ನಮ್ಮಲ್ಲಿ ಬಾಳೆನಾರಿನಲ್ಲಿ ದಂಡೆ ಕಟ್ಟಿದ ಹಾಗೆ. ನಾರಿನ ಬಿಗಿ ನಡುವೆ ಸಡಿಲಬಾರದು. ನೆರಳಲ್ಲಿ ಒಣಗಿಸಿದರೆ ಬಣ್ಣ ಬಹಳ ಕಾಲ ನಿಲ್ಲುತ್ತದೆ.

ಹಿಂದೆ ಇದೇ ಕಾಯಿ ಕುದಿಸಿ ಕಾಪಾ ತೊಗಟೆಬಟ್ಟೆಗೆ ಕೆಂಪು ಹಾಕುತ್ತಿದ್ದರು. ಗಟ್ಟಿ ಮರ ಮನೆ ಕಟ್ಟುವುದಕ್ಕೂ ಈಟಿಗೂ, ಎಲೆ ಮೈಮೇಲಿನ ಗುಳ್ಳೆ ತುರಿಕೆಗೂ ಆಗುತ್ತಿತ್ತು.

ದುರ್ಗದಿಂದ ಬೀಜ ಕಳಿಸಲಾ ಎಂದು ನಮ್ಮ ಅಕ್ಕ ಕೇಳುತ್ತಾಳೆ. ಬೇಡ ಎನ್ನುತ್ತೇನೆ. ಜಾತಿ ಒಂದೇ ಆದರೂ ಈ ದ್ವೀಪದ ಗಾಳಿ, ಕಲ್ಲು, ಬರಕ್ಕೆ ಒಗ್ಗಿದ ತಳಿ ಇಲ್ಲಿಯದು. ಗಾಳಿಯಲ್ಲಿ ಪರಾಗ ಬೆರೆತರೆ ಬೇರ್ಪಡಿಸಲಾಗದು. ನರ್ಸರಿಗಳಲ್ಲಿ ಸಿಗುವ, ನ್ಯೂಜಿಲೆಂಡ್ ಮೂಲದ ನೇರಳೆ ಎಲೆಯ ಬಗೆಯನ್ನೂ ಇದೇ ಕಾರಣಕ್ಕೆ ತರುವುದಿಲ್ಲ. ಸಸಿ ಕೇಳಿ ಬಂದವರಿಗೆ ಕಾಊ ಬೀಜದ್ದನ್ನೇ ಕೊಡುತ್ತೇನೆ, ಒಂಟಿಯಾಗಿ ಅಲ್ಲ, ನಾಲ್ಕೈದು ಒಟ್ಟಿಗೆ.