ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಟೀ ಶರ್ಟ್ ಪ್ರಿಂಟಿಂಗ್ ಮೆಷಿನ್ ತಗೊಳೋ ಮುಂಚೆ ಇಷ್ಟು ನೋಡ್ಕೊಳಿ

ಹಾಸನದಲ್ಲಿ ಗಣಪತಿ ಹಬ್ಬ ಬಂತು ಅಂದ್ರೆ ಅಲ್ಲಿಂದ ಹಾಸನಾಂಬೆ ಬಾಗಿಲು ಹಾಕಿ ರಾಜ್ಯೋತ್ಸವ ಮುಗಿಯೋ ತನಕ ನಮ್ಮಂಥ ಪ್ರಿಂಟಿಂಗ್ ಅಂಗಡಿಯೋರಿಗೆ ಊಟಕ್ಕೂ ಪುರುಸೊತ್ತಿರಲ್ಲ. ಯುವಕ ಸಂಘದ ಟೀ ಶರ್ಟು, ಕಾಲೇಜ್ ಫೆಸ್ಟು, ನವೆಂಬರ್ 1ಕ್ಕೆ ಹಳದಿ ಕೆಂಪು, ಎಲ್ಲಾ ಒಟ್ಟಿಗೇ ಬರುತ್ತೆ. 4 ಕಲರ್ ಮ್ಯಾನುಯಲ್ ಮೆಷಿನ್ನಲ್ಲಿ ಇಬ್ರು ಹುಡುಗ್ರು ರಾತ್ರಿ ಎಲ್ಲಾ ಸ್ಕ್ವೀಜಿ (ಇಂಕ್ ಎಳೆಯೋ ರಬ್ಬರ್ ಪಟ್ಟಿ) ಎಳೆದು ಬೆಳಗ್ಗೆ ಭುಜ ಎತ್ತೋಕಾಗ್ದೆ ಕೂತಿದ್ದು ನೋಡಿ ಆಟೋಮ್ಯಾಟಿಕ್ ತಗೊಳೋಣ ಅಂತ ತೀರ್ಮಾನ ಮಾಡಿದ್ದು, ಹೊಸದಕ್ಕೆ ಅಷ್ಟು ದುಡ್ಡಿರ್ಲಿಲ್ಲ ಹಂಗಾಗಿ ಹಳೇದು ಹುಡುಕೋಕೆ ಹೊರಟೆ. ಆ ಓಡಾಟದಲ್ಲಿ ಕಲ್ತಿದ್ದನ್ನ ಬರೀತಿದೀನಿ.

ಮೊದಲು ನಿಮ್ಮ ಆರ್ಡರ್ ಬುಕ್ ತೆಗೆದು ನೋಡಿ. ಬರೋದೆಲ್ಲಾ 20, 30 ಪೀಸಿನ ಆರ್ಡರ್ ಆಗಿದ್ರೆ ಆಟೋ ಬೇಡ, ಯಾಕಂದ್ರೆ ಅದರಲ್ಲಿ ಸ್ಕ್ರೀನ್ (ಡಿಸೈನ್ ಇರೋ ಜಾಲರಿ ಫ್ರೇಮ್) ಕೂರಿಸಿ ರಿಜಿಸ್ಟ್ರೇಷನ್ (ಕಲರ್ ಎಲ್ಲಾ ಒಂದಕ್ಕೊಂದು ಸರಿಯಾಗಿ ಕೂರೋದು) ಹೊಂದಿಸೋ ಹೊತ್ತಿಗೆ ಮ್ಯಾನುಯಲ್ಲಲ್ಲಿ ಆ ಕೆಲಸ ಮುಗಿದಿರುತ್ತೆ. ವಾರಕ್ಕೆ ಮೂರ್ನಾಲ್ಕು ಆರ್ಡರ್ ಆದ್ರೂ 150, 200 ಪೀಸ್ ಮೇಲೆ, ಎರಡು ಮೂರು ಕಲರಲ್ಲಿ ಬರ್ತಿದ್ರೆ ಆಗ ಯೋಚನೆ ಮಾಡಿ.

ಎಷ್ಟು ಹೆಡ್ (ಒಂದೊಂದು ಸ್ಕ್ರೀನ್ ಕೂತು ಪ್ರಿಂಟ್ ಮಾಡೋ ಜಾಗ) ಬೇಕು ಅನ್ನೋದು ಕಲರ್ ಎಣಿಸಿದ್ರೆ ಗೊತ್ತಾಗಲ್ಲ. ಕಪ್ಪು ಟೀ ಶರ್ಟ್ ಮೇಲೆ ಹಳದಿ ಕೆಂಪು ಬಾವುಟ ಪ್ರಿಂಟ್ ಮಾಡ್ಬೇಕು ಅನ್ಕೊಳಿ, ಗಿರಾಕಿ ಕಣ್ಣಿಗೆ ಎರಡೇ ಕಲರ್, ಆದ್ರೆ ಕೆಳಗೆ ವೈಟ್ ಬೇಸ್ ಹಾಕ್ಬೇಕು, ಅದನ್ನ ಫ್ಲ್ಯಾಶ್ ಅನ್ನೋ ಹೀಟರ್ ಕೆಳಗೆ ಒಣಗಿಸ್ಬೇಕು, ಆಮೇಲೆ ಹಳದಿ, ಆಮೇಲೆ ಕೆಂಪು, ಫ್ಲ್ಯಾಶ್ ಕೂಡ ಒಂದು ಹೆಡ್ ಜಾಗ ತಿನ್ನುತ್ತೆ, ಅಲ್ಲಿಗೆ 4 ಆಯ್ತು. ಫ್ಲ್ಯಾಶ್ ಆದ್ಮೇಲೆ ತಣ್ಣಗಾಗೋಕೆ ಒಂದು ಖಾಲಿ ಬಿಟ್ರೆ 5. 6 ಕಲರ್ 8 ಸ್ಟೇಷನ್ ಅಂದ್ರೆ 6 ಹೆಡ್ಡು, ಇನ್ನೆರಡು ಜಾಗ ಶರ್ಟ್ ಹಾಕೋಕೆ ತೆಗೆಯೋಕೆ. ನಮ್ಮೂರ ಕೆಲಸಕ್ಕೆ ಇದು ಸಾಕು ಅಂತ ನನ್ನ ಅಭಿಪ್ರಾಯ. ಅಗ್ಗಕ್ಕೆ ಸಿಗುತ್ತೆ ಅಂತ 12 ಕಲರ್‌ದು ತಂದ್ರೆ ಅದಕ್ಕೆ ಜಾಗ, ಗಾಳಿ, ಕರೆಂಟು ಎಲ್ಲಾ ಜಾಸ್ತಿ ಬೇಕು.

ಜಾಗಕ್ಕೆ ಟೇಪ್ ಹಿಡೀರಿ. ಮೆಷಿನ್ ಅಡ್ಡಗಲದ ಜೊತೆಗೆ ಸುತ್ತ ಮನುಷ್ಯ ಓಡಾಡೋಕೆ, ಸ್ಕ್ರೀನ್ ಹಾಕಿ ತೆಗೆಯೋಕೆ ಮೂರು ಮೂರು ಅಡಿ ಆದ್ರೂ ಬೇಕು, ಶಟರ್ ಎಷ್ಟು ಅಗಲ ಇದೆ ಅಂತಾನೂ ಅಳೀರಿ. ಟನ್ ಲೆಕ್ಕದಲ್ಲಿ ತೂಗೋ ಮೆಷಿನ್ ಇದು, ಗಟ್ಟಿ ಕಾಂಕ್ರೀಟ್ ನೆಲ ಬೇಕು, ಮೊದಲನೇ ಮಹಡಿ ಯೋಚನೆ ಬಿಟ್ಬಿಡಿ.

ಕರೆಂಟ್ ವಿಷಯದಲ್ಲಿ ಮೆಷಿನ್ನು, ಪ್ರತಿ ಫ್ಲ್ಯಾಶು, ಡ್ರೈಯರ್, ಕಂಪ್ರೆಸರ್ ಎಲ್ಲದರ ನೇಮ್ ಪ್ಲೇಟ್ ಫೋಟೋ ತರಿಸ್ಕೊಂಡು ಕಿಲೋವ್ಯಾಟ್ ಕೂಡಿಸಿ, ಆಮೇಲೆ ಎಲೆಕ್ಟ್ರಿಷಿಯನ್ ಕರ್ಕೊಂಡು ಸೆಸ್ಕ್ ಆಫೀಸಿಗೆ ಹೋಗಿ ತ್ರೀ ಫೇಸ್ ಲೋಡ್ ಎಷ್ಟು ಸಿಗುತ್ತೆ, ಎಷ್ಟು ದಿನ ಆಗುತ್ತೆ ಕೇಳಿ. ಈ ಕೆಲಸ ಅಡ್ವಾನ್ಸ್ ಕೊಡೋಕ್ ಮುಂಚೆ ಆಗ್ಬೇಕು. ಇನ್ನೊಂದು, ಅಮೆರಿಕಾದ ಎಂ ಅಂಡ್ ಆರ್ ಮೆಷಿನ್ ಅಲ್ಲಿಂದಾನೇ ಬಂದಿದ್ರೆ ನೇಮ್ ಪ್ಲೇಟಲ್ಲಿ 208 ಅಥವಾ 230 ವೋಲ್ಟ್ 60 ಹರ್ಟ್ಜ್ ಅಂತ ಇರಬಹುದು, ನಮ್ಮದು 415 ವೋಲ್ಟ್ 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ವೋಲ್ಟ್ ಸರಿಹೋಗುತ್ತೆ, ಹರ್ಟ್ಜ್ ಬದಲಾಗಲ್ಲ, ನೇರವಾಗಿ ಓಡೋ ಮೋಟಾರು ಆರರಲ್ಲಿ ಐದು ಪಾಲು ಸ್ಪೀಡಿಗೆ ಇಳಿಯುತ್ತೆ. ಆಸ್ಟ್ರಿಯಾದ ಎಂಎಚ್‌ಎಂ, ಪೋರ್ಚುಗಲ್‌ನ ರಾಕ್ ಥರದ ಯುರೋಪ್ ಮೆಷಿನ್‌ಗಳಿಗೆ ಸಾಮಾನ್ಯವಾಗಿ ಈ ತಲೆನೋವು ಬರಲ್ಲ, ಯುರೋಪ್ ಕರೆಂಟೂ 50 ಹರ್ಟ್ಜೇ.

ಗಾಳಿನ ತುಂಬ ಜನ ಮರೀತಾರೆ. ಹಳೇ ಮೆಷಿನ್‌ಗಳಲ್ಲಿ ಹೆಡ್ ಎಲ್ಲಾ ಗಾಳಿ ಸಿಲಿಂಡರ್ ಮೇಲೇ ಓಡೋದು, ಕೆಲವಲ್ಲಿ ಸುತ್ತೋದೂ ಗಾಳಿಯಿಂದಾನೇ. ಮೆಷಿನ್ ಎಷ್ಟು ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಅಂತ) ಕೇಳುತ್ತೆ ನೋಡಿ, ಕಂಪ್ರೆಸರ್‌ದು ಅಂದಾಜು 1 ಎಚ್‌ಪಿಗೆ 4 ಸಿಎಫ್‌ಎಂ ಲೆಕ್ಕ. 20 ಸಿಎಫ್‌ಎಂ ಕೇಳೋ ಮೆಷಿನ್‌ಗೆ 5 ಎಚ್‌ಪಿ ಹಾಕಿದ್ರೆ ಅದು ಒಂದು ನಿಮಿಷಾನೂ ನಿಲ್ಲದೆ ಓಡಿ ಸುಟ್ಟು ಹೋಗುತ್ತೆ, ಏಳೂವರೆ ಹಾಕಿ. ಗಾಳಿ ಒಣಗಿಸೋ ಏರ್ ಡ್ರೈಯರ್ ಮತ್ತೆ ಫಿಲ್ಟರ್ ಬೇಕೇ ಬೇಕು, ನಮ್ಮ ಕಡೆ ಜೂನ್ ಜುಲೈ ಮಳೇಲಿ ಕಂಪ್ರೆಸರ್ ಟ್ಯಾಂಕಿಂದ ನೀರು ಬಿಟ್ರೆ ಚೊಂಬಲ್ಲಿ ಹಿಡಿಯೋ ಅಷ್ಟು ಬರುತ್ತೆ, ಸಕಲೇಶಪುರ ಮೂಡಿಗೆರೆ ಕಡೆಯವರಿಗೆ ಇನ್ನೂ ಜಾಸ್ತಿ. ಆ ನೀರು ವಾಲ್ವಿಗೆ ಹೋದ್ರೆ ಹೆಡ್‌ಗಳು ಒಂದೊಂದಾಗಿ ಸಿಕ್ಕಾಕೊಳ್ಳೋಕೆ ಶುರುವಾಗುತ್ತೆ.

ಪ್ರಿಂಟ್ ಆದ ಇಂಕನ್ನ ಬಿಸಿಯಲ್ಲಿ ಗಟ್ಟಿ ಮಾಡೋ ಕ್ಯೂರಿಂಗ್ ಡ್ರೈಯರ್ ಲೆಕ್ಕಾನೂ ಹಾಕಿ. ಮಾಮೂಲಿ ಪ್ಲಾಸ್ಟಿಸಾಲ್ ಇಂಕು ಪೂರ್ತಿ ದಪ್ಪಕ್ಕೂ ಸುಮಾರು 160 ಡಿಗ್ರಿ ಮುಟ್ಬೇಕು. ಶರ್ಟ್ ಒಂದು ನಿಮಿಷ ಬಿಸಿ ಒಳಗಿರಬೇಕು, ನಿಮ್ಮ ಬೆಲ್ಟು ಒಂದು ಸಲಕ್ಕೆ ಹಿಡಿಯೋದು 3 ಶರ್ಟು ಅಂದ್ರೆ ಗಂಟೆಗೆ 180 ಅಷ್ಟೇ. ಮೆಷಿನ್ 400 ಹೊಡೆದ್ರೂ ನಿಮ್ಮ ಅಂಗಡಿಯಿಂದ ಹೊರಗೆ ಹೋಗೋದು 180ಏ.

ಈಗ ಮೆಷಿನ್ ನೋಡೋ ವಿಷಯ. ಹಳೇ ಮೆಷಿನ್ ಹೆಚ್ಚಾಗಿ ಸಿಗೋದು ತಿರುಪ್ಪೂರಲ್ಲಿ, ಬೆಂಗಳೂರಲ್ಲೂ ಕೆಲವು ಸಿಗುತ್ತೆ. ನಾನು ಮೊದಲು ನೋಡಿದ್ದು ಹೊಸದಾಗಿ ಪೇಂಟ್ ಹೊಡೆದು ಪಳಪಳ ಅಂತಿತ್ತು, ಒಂದೇ ಕಲರ್ ಹಾಕಿ ಟಕಟಕ ಅಂತ ಓಡಿಸಿ ತೋರಿಸಿದ್ರು, ನೋಡಿದ್ರೆ ಖುಷಿ ಆಗೋ ಸ್ಪೀಡು. ಎರಡು ಕಲರ್ ಹಾಕಿ ಅಂದಿದ್ದಕ್ಕೆ ಸ್ಕ್ರೀನ್ ಇಲ್ಲ ನಾಳೆ ನೋಡೋಣ ಅಂದ್ರು, ನಾನು ಲಾಡ್ಜಲ್ಲಿ ಉಳ್ಕೊಂಡು ಮಾರನೇ ದಿನ ಹಾಕ್ಸಿದೆ, ನಾಲ್ಕು ಶರ್ಟಲ್ಲಿ ನಾಲ್ಕು ಥರ ಕೂತಿತ್ತು. ಒಂದು ಕಲರಲ್ಲಿ ಎಂಥಾ ಸವೆದ ಮೆಷಿನ್ನೂ ಚೆನ್ನಾಗೇ ಕಾಣುತ್ತೆ ಕಣ್ರೀ. ಸ್ಪೀಡು, ಪೇಂಟು, ಟಚ್ ಸ್ಕ್ರೀನು ಇವನ್ನೆಲ್ಲಾ ಆಮೇಲೆ ನೋಡ್ಕೊಳೋಣ, ಪ್ಯಾಲೆಟ್ (ಶರ್ಟ್ ಹಾಕೋ ಹಲಗೆ, ಹೆಡ್ಡಿಂದ ಹೆಡ್ಡಿಗೆ ಸುತ್ತೋದು) ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಲ್ಲುತ್ತಾ ಇಲ್ವಾ ಅದಕ್ಕೆ ದುಡ್ಡು ಕೊಡ್ಬೇಕು.

ಅದನ್ನ ಪರೀಕ್ಷೆ ಮಾಡೋದು ಹಿಂಗೆ. ಅವರ ಫ್ರೇಮ್ ಸೈಜ್ ಮೊದಲೇ ಕೇಳಿ, ತುಂಬಾ ಮೆಷಿನ್‌ಗಳಲ್ಲಿ 23ಕ್ಕೆ 31 ಇಂಚಿನ ಅಲ್ಯೂಮಿನಿಯಂ ಫ್ರೇಮ್ ಹಾಕ್ತಾರೆ, ನಮ್ಮ ಮ್ಯಾನುಯಲ್ ಮರದ ಫ್ರೇಮ್ ಕೂರಲ್ಲ. ತೆಳ್ಳಗಿನ ಪ್ಲಸ್ ಗುರುತು ನಾಲ್ಕು ಮೂಲೆಗೂ ಮಧ್ಯಕ್ಕೂ ಇರೋ ಆರ್ಟ್ ಎರಡು ಸ್ಕ್ರೀನಿಗೆ ಎಕ್ಸ್‌ಪೋಸ್ ಮಾಡ್ಸಿ, ಒಂದನ್ನ 1ನೇ ಹೆಡ್ಡಿಗೆ ಇನ್ನೊಂದನ್ನ ಕೊನೇ ಹೆಡ್ಡಿಗೆ ಹಾಕಿ, ಬೇರೆ ಬೇರೆ ಕಲರಲ್ಲಿ. ಪ್ಯಾಲೆಟ್‌ಗಳಿಗೆ ಚಾಕ್‌ಪೀಸಲ್ಲಿ ನಂಬರ್ ಬರೆದು, ವೇಸ್ಟ್ ಬಟ್ಟೆ ಮೇಲೆ ಒಂದೊಂದು ಪ್ಯಾಲೆಟ್‌ದು ನಾಲ್ಕು ನಾಲ್ಕು ಪ್ರಿಂಟ್ ತೆಗೀರಿ, ಬಟ್ಟೆ ಮೇಲೂ ಅದೇ ನಂಬರ್ ಹಾಕಿ. ಆಮೇಲೆ ಎಲ್ಲಾ ನೆಲದ ಮೇಲೆ ಹರಡಿ ನಿಧಾನವಾಗಿ ನೋಡಿ. ಎಲ್ಲದರಲ್ಲೂ ಎರಡನೇ ಕಲರ್ ಪ್ಲಸ್ಸು ಮೊದಲನೇದರ ಮೇಲೆ ಕೂರದೆ ಒಂದೇ ಕಡೆಗೆ ಅಷ್ಟೇ ಜರುಗಿದ್ರೆ ಅದು ಸ್ಕ್ರೀನ್ ಹೊಂದಿಸಿದ್ದರಲ್ಲಿ ತಪ್ಪು, ಮೈಕ್ರೋ (ಸ್ಕ್ರೀನನ್ನ ಸ್ವಲ್ಪ ಸ್ವಲ್ಪ ಸರಿಸೋ ತಿರುಪು) ತಿರುಗಿಸಿದ್ರೆ ಸರಿಹೋಗುತ್ತೆ. ಬರೀ 5ನೇ ಪ್ಯಾಲೆಟಲ್ಲಿ ಮಾತ್ರ ನಾಲ್ಕಕ್ಕೆ ನಾಲ್ಕೂ ಜರುಗಿದ್ರೆ ಆ ಪ್ಯಾಲೆಟ್ಟು ಅಥವಾ ಅದರ ತೋಳಿನದು, ರಿಪೇರಿ ಆಗೋದು, ರೇಟ್ ಇಳಿಸೋಕೆ ಕಾರಣ ಸಿಕ್ತು. ಅದೇ ಪ್ಯಾಲೆಟಲ್ಲಿ ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಅಂತ ಬರ್ತಿದ್ರೆ, ಸ್ಕ್ರೀನ್ ಕ್ಲ್ಯಾಂಪ್ ಬಿಗಿಯಾಗಿದ್ರೂ, ಬಟ್ಟೆ ಗಮ್ಮಿಗೆ ಸರಿಯಾಗಿ ಅಂಟಿದ್ರೂ ಹಂಗೇ ಬರ್ತಿದ್ರೆ, ಇಂಡೆಕ್ಸ್ ಲಾಕು (ಪ್ಯಾಲೆಟ್ಟನ್ನ ಅದರ ಜಾಗದಲ್ಲಿ ಹಿಡಿದು ನಿಲ್ಲಿಸೋದು) ಅಥವಾ ನಡುವಿನ ಬೇರಿಂಗ್ ಸವೆದಿದೆ ಅನ್ಕೊಳಿ. ನಾನಂತೂ ಅಂಥದನ್ನ ಅರ್ಧ ರೇಟಿಗೆ ಕೊಟ್ರೂ ಮುಟ್ಟಲ್ಲ.

ಇದೇ ಪರೀಕ್ಷೆ ಮೆಷಿನ್ ತಣ್ಣಗಿದ್ದಾಗ ಒಂದ್ಸಲ, ಫ್ಲ್ಯಾಶ್ ಹಾಕಿ ಎರಡು ಗಂಟೆ ಓಡಿದ್ಮೇಲೆ ಇನ್ನೊಂದ್ಸಲ ಮಾಡಿ. ಬಿಸಿಗೆ ಪ್ಯಾಲೆಟ್ ಬಾಗಿದ್ರೆ ಆಗ ಗೊತ್ತಾಗುತ್ತೆ.

ಮೆಷಿನ್ ನಿಲ್ಸಿ, ಗಾಳಿ ಮಾತ್ರ ಇಟ್ಟು, ಕಿವಿ ಕೊಟ್ಟು ಕೇಳಿ, ಎಲ್ಲೆಲ್ಲಿ ಬುಸ್ ಅನ್ನುತ್ತೆ ಬರ್ಕೊಳಿ. ಪೈಪು, ಸೀಲು, ಸಿಲಿಂಡರು ದೊಡ್ಡ ವಿಷಯ ಅಲ್ಲ, ಫೆಸ್ಟೋ, ಎಸ್‌ಎಂಸಿ ಥರದ ಕಂಪನಿ ವಾಲ್ವ್ ಹಾಕಿದ್ರೆ ಬೆಂಗಳೂರಲ್ಲೇ ತರಿಸ್ಕೋಬಹುದು. ಭಯ ಇರೋದು ಕಂಟ್ರೋಲ್ ಪ್ಯಾನಲ್ ಬಗ್ಗೆ. ಒಳಗಿರೋ ಪಿಎಲ್‌ಸಿ (ಮೆಷಿನ್ ನಡೆಸೋ ಸಣ್ಣ ಕಂಪ್ಯೂಟರ್) ಯಾವ ಕಂಪನಿದು ನೋಡಿ, ಸೀಮೆನ್ಸ್, ಮಿತ್ಸುಬಿಷಿ, ಓಮ್ರಾನ್ ಆದ್ರೆ ಪೀಣ್ಯದಲ್ಲಿ ಗೊತ್ತಿರೋರು ಸಿಗ್ತಾರೆ, ಮೆಷಿನ್ ಕಂಪನಿಯೇ ಮಾಡಿದ ಸ್ವಂತ ಬೋರ್ಡ್ ಆಗಿದ್ರೆ ಆ ಬೋರ್ಡ್ ಈಗಲೂ ಸಿಗುತ್ತಾ ಅಂತ ಸೀರಿಯಲ್ ನಂಬರ್ ಕೊಟ್ಟು ಕಂಪನಿಗೇ ಕೇಳಿ. ಪ್ರೋಗ್ರಾಂ ಬ್ಯಾಕಪ್, ಮ್ಯಾನುಯಲ್ ಪುಸ್ತಕ, ವೈರಿಂಗ್ ಡಯಾಗ್ರಾಂ ಕೈಗೆ ಬರಲೇಬೇಕು.

ಸೇಫ್ಟಿ ಬಾರು, ಎಮರ್ಜೆನ್ಸಿ ಸ್ಟಾಪು ಒಂದೊಂದನ್ನೂ ಒತ್ತಿ ನೋಡಿ. ಕೆಲಸ ಬೇಗ ಆಗ್ಲಿ ಅಂತ ವೈರ್ ಶಾರ್ಟ್ ಮಾಡಿ ಸೇಫ್ಟಿ ತೆಗೆದಿರ್ತಾರೆ, ಅಂಥದ್ದನ್ನ ಸರಿ ಮಾಡ್ಸದೆ ನಿಮ್ಮ ಹುಡುಗ್ರ ಕೈಗೆ ಕೊಡ್ಬೇಡಿ, ಬೆರಳು ಹೋದ್ರೆ ಬರಲ್ಲ.

ಕಾಗದ ಪತ್ರದಲ್ಲಿ ಜಿಎಸ್‌ಟಿ ಬಿಲ್ಲು, ಮೆಷಿನ್ ಮೇಲೆ ಬ್ಯಾಂಕ್ ಸಾಲ ಬಾಕಿ ಇಲ್ಲ ಅನ್ನೋದಕ್ಕೆ ಪತ್ರ ಕೇಳಿ, ಹೊರದೇಶದಿಂದ ಹಳೇದಾಗೇ ಬಂದಿದ್ರೆ ಇಂಪೋರ್ಟ್ ಪೇಪರ್ರೂ ಇರಬೇಕು. ರೇಟ್ ಮಾತಾಡುವಾಗ ಬಿಚ್ಚೋದು, ಕ್ರೇನು, ಲಾರಿ, ಇಲ್ಲಿ ಜೋಡಿಸೋದು ಯಾರ ಲೆಕ್ಕ ಅಂತ ಬರೆಸ್ಕೊಳಿ. ತಿರುಪ್ಪೂರಿಂದ ಸತ್ಯಮಂಗಲದ ಮೇಲೆ ಬಂದ್ರೆ ದಿಂಬಂ ಘಾಟಿಯ 27 ತಿರುವು ದಾಟಿ ಬರ್ಬೇಕು, ತೋಳುಗಳನ್ನ ಬಿಚ್ಚಿ, ಯಾವುದು ಎಲ್ಲಿತ್ತು ಅಂತ ಗುರುತು ಹಾಕಿ, ಫೋಟೋ ತೆಗೆದು, ಅಲುಗಾಡದ ಹಂಗೆ ಕಟ್ಟಿಸಿ. ದಾರೀಲಿ ಲೆವೆಲ್ ಹೋಗೇ ಹೋಗಿರುತ್ತೆ, ಇಳಿಸಿದ್ಮೇಲೆ ಮೊದಲು ಮೆಷಿನ್ ಲೆವೆಲ್ಲು, ಆಮೇಲೆ ಪ್ರತಿ ಪ್ಯಾಲೆಟ್ ಲೆವೆಲ್ಲು. ಮಾತಾಡುವಾಗಲೇ ಒಂದಿಷ್ಟು ದುಡ್ಡು ಬಾಕಿ ಉಳಿಸ್ಕೊಂಡಿರಿ, ಅಲ್ಲಿ ಪ್ರಿಂಟ್ ತೆಗೆದ ಆ ಎರಡು ಸ್ಕ್ರೀನ್ ಜೊತೇಲಿ ತನ್ನಿ, ನಿಮ್ಮ ಅಂಗಡೀಲಿ ಅದೇ ಪ್ಲಸ್ ಗುರುತು ಪ್ರಿಂಟ್ ಮಾಡಿ ಅಲ್ಲಿನ ಬಟ್ಟೆ ಪಕ್ಕ ಇಟ್ಟು ನೋಡಿ, ಎರಡೂ ಒಂದೇ ಥರ ಬಂದ್ಮೇಲೆ ಬಾಕಿ ದುಡ್ಡು ಕೊಡಿ.