ಅಕ್ವೇರಿಯಂ ಗಿಡದ ಎಲೆ ಕರಗಿದರೆ ಗಿಡ ಕೀಳಬೇಡಿ

ಅಂಗಡಿಯಿಂದ ತಂದ ಕ್ರಿಪ್ಟೊಕೊರಿನ್ ಗಿಡವನ್ನು ಮೀನಿನ ತೊಟ್ಟಿಯಲ್ಲಿ ನೆಟ್ಟ ಒಂದು ವಾರದೊಳಗೆ ಅದರ ಎಲೆಗಳು ಚಹಾ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ನೆನೆದ ಕಾಗದದ ಹಾಗೆ ಬೆರಳಿಗೆ ಅಂಟಿಕೊಳ್ಳುವುದುಂಟು. ಗಿಡ ಸತ್ತಿತೆಂದು ಹಲವರು ಆಗಲೇ ಅದನ್ನು ಕಿತ್ತು ಎಸೆಯುತ್ತಾರೆ. ನಾನೂ ಮೊದಲ ವರ್ಷ, ಎರಡು ವಾರ ಕಾದು, ಹಾಗೆಯೇ ಒಂದನ್ನು ಕಿತ್ತೆ. ಮರಳಿನಿಂದ ಹೊರಬಂದದ್ದು ಬೆರಳುದ್ದದ, ಬೆಳ್ಳಗಿನ ಗಟ್ಟಿ ಬೇರುಗಳು ಮತ್ತು ಅವುಗಳ ಬುಡದಲ್ಲಿ ಸೂಜಿಮೊನೆಯಂತೆ ಸುತ್ತಿಕೊಂಡಿದ್ದ ಒಂದು ಎಳೆಯ ಎಲೆ.

ಅಕ್ವೇರಿಯಂ ಗಿಡಗಳಲ್ಲಿ ಬಹುಪಾಲನ್ನು ನರ್ಸರಿಗಳಲ್ಲಿ ಬೇರು ಒದ್ದೆಯಲ್ಲಿ, ಎಲೆ ಗಾಳಿಯಲ್ಲಿ ಇರುವಂತೆ ಬೆಳೆಸುತ್ತಾರೆ. ಗಾಳಿಯಲ್ಲಿ ಬೆಳೆದ ಎಲೆಗೆ ಮೇಣದಂತಹ ಹೊದಿಕೆ ಇರುವುದರಿಂದ ಅದು ನೀರಿನೊಳಗೆ ಉಸಿರಾಡಲಾರದು. ಗಿಡ ಅದನ್ನು ಕೈಬಿಟ್ಟು, ನೀರಿಗೆ ಒಗ್ಗುವ ತೆಳುವಾದ ಹೊಸ ಎಲೆಯನ್ನು ಕಟ್ಟುತ್ತದೆ. ಪಶ್ಚಿಮ ಘಟ್ಟದ ಹೊಳೆಗಳ ಪಾತ್ರದಲ್ಲಿ ಸಹಜವಾಗಿ ಬೆಳೆಯುವ, ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ ಕ್ರಿಪ್ಟೊಕೊರಿನ್ ರೆಟ್ರೋಸ್ಪೈರಾಲಿಸ್‌ಗೆ ಇದು ಹೊಸ ಕೆಲಸವೇನಲ್ಲ. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣಿಸಿಕೊಂಡು ಅದು ಬದುಕುತ್ತದೆ. ಆದ್ದರಿಂದ ಕರಗಿದ ಎಲೆಗಳನ್ನು ಬುಡದಲ್ಲಿ ಕತ್ತರಿಸಿ ತೆಗೆದು, ಬೇರನ್ನು ಅಲುಗಿಸದೆ ಕನಿಷ್ಠ ಒಂದು ತಿಂಗಳು ಕಾಯಬೇಕು.

ನೀರು ಮತ್ತು ತಳ

ಗಿಡ ಕೊಳ್ಳುವ ಮೊದಲು ನಿಮ್ಮ ಮನೆಯ ನೀರನ್ನು ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ ಒಂದೇ ಬೀದಿಯ ಎರಡು ಮನೆಗಳಲ್ಲಿ, ಒಂದರಲ್ಲಿ ಕಾವೇರಿ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು ಇರುವುದು ಸಾಮಾನ್ಯ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್‌ನಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಬಳಸಬೇಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಅನುಬಿಯಾಸ್‌ಗಳನ್ನು ಆರಿಸಿಕೊಳ್ಳುವುದೇ ಜಾಣತನ. ಕೆಂಪು ರೋಟಾಲಾದಂತಹ ಗಿಡಗಳಿಗೆ ಮೆದು ನೀರು ಬೇಕು. ಅಪಾರ್ಟ್‌ಮೆಂಟ್‌ಗಳ ಸಾಫ್ಟ್‌ನರ್‌ನಿಂದ ಬರುವ ನೀರು ಸಾಬೂನಿಗೆ ಚೆನ್ನಾಗಿ ನೊರೆ ಕೊಟ್ಟರೂ ಗಿಡಗಳಿಗೆ ಒಳ್ಳೆಯದಲ್ಲ, ಏಕೆಂದರೆ ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಆರ್‌ಒ ನೀರನ್ನು ಮಾತ್ರವೇ ತುಂಬಿದರೆ ಖನಿಜಗಳ ಕೊರತೆಯಾಗುತ್ತದೆ. ಅದಕ್ಕೆ ಸ್ವಲ್ಪ ಬೋರ್‌ವೆಲ್ ನೀರು ಬೆರೆಸಿದರೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾದಂತೆಲ್ಲ ಗಡಸು ನೀರನ್ನೇ ಮೇಲೆ ಸುರಿಯುತ್ತಿದ್ದರೆ ಗಡಸುತನ ವಾರ ವಾರಕ್ಕೂ ಏರುತ್ತದೆ, ಆವಿಯಾಗಿ ಹೋಗುವುದು ನೀರು ಮಾತ್ರ.

ತಳಕ್ಕೆ 1ರಿಂದ 3 ಮಿ.ಮೀ. ಕಾಳಿನ ದಪ್ಪ ಮರಳನ್ನು 5 ಸೆಂ.ಮೀ. ಆಳಕ್ಕೆ ಹರಡಬೇಕು. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಗೆ ಸುಮಾರು 14 ಕೆ.ಜಿ. ಬೇಕಾಗುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ಮರಳನ್ನು ತೊಳೆಯಿರಿ. ಬರಿಯ ಮರಳಿನಲ್ಲಿ ಪೋಷಕಾಂಶವಿಲ್ಲದ ಕಾರಣ, ಬೇರಿನಿಂದ ಉಣ್ಣುವ ಕ್ರಿಪ್ಟೊಕೊರಿನ್, ವ್ಯಾಲಿಸ್ನೇರಿಯಾಗಳ ಪಕ್ಕದಲ್ಲಿ ಗೊಬ್ಬರದ ಗುಳಿಗೆಗಳನ್ನು ಹೂಳಬೇಕು. ತೋಟದ ರೂಢಿಯಲ್ಲಿ ಯೂರಿಯಾ, ಡಿಎಪಿ ಅಥವಾ ಕೊಟ್ಟಿಗೆ ಗೊಬ್ಬರವನ್ನು ಎಂದಿಗೂ ಹಾಕಬೇಡಿ. ಅವುಗಳಿಂದ ಹೊರಡುವ ಅಮೋನಿಯಾ ಮೀನುಗಳನ್ನು ಕೊಲ್ಲುತ್ತದೆ.

ನೆಡುವ ಕ್ರಮ

ಪ್ಲಾಸ್ಟಿಕ್ ಕುಂಡದಿಂದ ಗಿಡ ಬಿಡಿಸಿ, ಬೇರಿಗೆ ಅಂಟಿದ ಹತ್ತಿಯಂತಹ ರಾಕ್‌ವೂಲ್ ಅನ್ನು ಚಿಮುಟದಿಂದ ತಾಳ್ಮೆಯಾಗಿ ಬಿಡಿಸಿರಿ. ಬಸವನಹುಳುವಿನ ಮೊಟ್ಟೆಗಳು ಎಲೆಯ ಅಡಿಯಲ್ಲಿ ಲೋಳೆಯ ಹನಿಗಳಂತೆ ಕಾಣುತ್ತವೆ. ಅವನ್ನು ಒರೆಸಿ ತೆಗೆಯಿರಿ. ಕಾಂಡದ ಗಿಡಗಳನ್ನು ಗೊಂಚಲಾಗಿ ಒಂದೇ ಗುಳಿಯಲ್ಲಿ ತುರುಕದೆ, ಒಂದೊಂದನ್ನೇ ಎರಡು ಬೆರಳಿನ ಅಂತರದಲ್ಲಿ ನೆಟ್ಟರೆ ಬುಡಕ್ಕೂ ಬೆಳಕು ತಲುಪುತ್ತದೆ. ಅನುಬಿಯಾಸ್ ಮತ್ತು ಜಾವಾ ಫರ್ನ್‌ಗಳಿಗೆ ಶುಂಠಿಯಂತೆ ಅಡ್ಡ ಹಬ್ಬುವ ಕಾಂಡವಿರುತ್ತದೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿದರೆ ಬೇರುಗಳು ತಾವೇ ಹಿಡಿದುಕೊಳ್ಳುತ್ತವೆ.

ಬೆಳಕಿನ ವಿಷಯದಲ್ಲಿ ಹೆಚ್ಚಿನ ತಪ್ಪು ಆಗುವುದು ಕಡಿಮೆ ಕೊಟ್ಟಿದ್ದರಿಂದಲ್ಲ, ಅತಿಯಾಗಿ ಕೊಟ್ಟಿದ್ದರಿಂದ. ಬೇರೂರದ ಗಿಡ ಬೆಳಕನ್ನು ಬಳಸಿಕೊಳ್ಳಲಾರದೆ ಇರುವಾಗ ಆ ಬೆಳಕು ಪಾಚಿಯ ಪಾಲಾಗುತ್ತದೆ. ಮೇಲೆ ಹೇಳಿದ ಅಳತೆಯ ತೊಟ್ಟಿಯಲ್ಲಿ ಸುಲಭದ ಗಿಡಗಳಿಗೆ 15ರಿಂದ 20 ವ್ಯಾಟ್‌ನ ಎಲ್‌ಇಡಿ ಸಾಕು; ಮೊದಲ ತಿಂಗಳು ದಿನಕ್ಕೆ 6 ಗಂಟೆ, ಆಮೇಲೆ ಹೆಚ್ಚೆಂದರೆ 8 ಗಂಟೆ. ಟೈಮರ್ ಹಾಕಿದರೆ ದಿನಚರಿ ತಪ್ಪುವುದಿಲ್ಲ. ಕಿಟಕಿಯ ನೇರ ಬಿಸಿಲು ಬೇಡ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆಯೂ ಇಲ್ಲಿ ಹೆಸರಿಸಿದ ಹೆಚ್ಚಿನ ಗಿಡಗಳು ಬೆಳೆಯುತ್ತವೆ. ಸಿಲಿಂಡರ್ ಬಳಸುವವರು ದೀಪ ಆರುವ ಒಂದು ಗಂಟೆ ಮೊದಲೇ ಅನಿಲ ನಿಲ್ಲಿಸಬೇಕು, ಏಕೆಂದರೆ ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ. ಬೆಳಿಗ್ಗೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಅನಿಲ ಅತಿಯಾಗಿದೆ ಎಂದೇ ಅರ್ಥ.

ಎಲೆಯ ಭಾಷೆ

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದ ನಂತರ ಐದು ನಿಮಿಷ ಎಲೆಗಳನ್ನು ಹತ್ತಿರದಿಂದ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಮೊದಲು ಕೇಳಬೇಕಾದ ಪ್ರಶ್ನೆ, ಕೆಟ್ಟಿರುವುದು ಹಳೆಯ ಎಲೆಯೋ ಹೊಸ ಎಲೆಯೋ ಎಂಬುದು. ಸಾರಜನಕ ಮತ್ತು ಪೊಟ್ಯಾಷ್ ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ಅವನ್ನು ಹಿಂದಕ್ಕೆ ಪಡೆದು ಚಿಗುರಿಗೆ ಕಳಿಸುತ್ತದೆ. ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಅದರ ಮೇಲೆ ಸೂಜಿ ಚುಚ್ಚಿದಂತಹ ತೂತುಗಳು ಮೂಡಿ ದೊಡ್ಡದಾಗುತ್ತ ಹೋದರೆ ಪೊಟ್ಯಾಷ್ ಕೊರತೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗದು. ಹಾಗಾಗಿ ಕಬ್ಬಿಣ ಕಡಿಮೆಯಾದಾಗ ಹೊಸ ಎಲೆಯೇ ಬಿಳಿಚಿಕೊಂಡು, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ದ್ರವ ಗೊಬ್ಬರವನ್ನು ಡಬ್ಬಿಯ ಮೇಲಿನ ಪ್ರಮಾಣದ ಅರ್ಧದಿಂದ ಶುರುಮಾಡಿ, ಎರಡು ವಾರಗಳ ನಂತರ ಹೊಸದಾಗಿ ಬಂದ ಎಲೆಯನ್ನು ನೋಡಿ ನಿರ್ಧರಿಸಿ. ಒಮ್ಮೆ ಕೆಟ್ಟ ಎಲೆ ಸುಧಾರಿಸುವುದಿಲ್ಲ. ಅದನ್ನು ನೋಡಿಕೊಂಡು ಗೊಬ್ಬರ ಹೆಚ್ಚಿಸುತ್ತ ಹೋಗಬಾರದು.

ಗಿಡಗಳು ಚೆನ್ನಾಗಿ ಬೆಳೆದರೆ ಕತ್ತರಿಸಿದ ತುಂಡುಗಳು ರಾಶಿ ಬೀಳುತ್ತವೆ. ಅವನ್ನು ಕೆರೆಗಾಗಲಿ ರಾಜಕಾಲುವೆಗಾಗಲಿ ಎಸೆಯಬೇಡಿ. 2020ರಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ಕಾಲುವೆಯನ್ನೆಲ್ಲ ಗುಲಾಬಿ ಹೂಗಳಿಂದ ಮುಚ್ಚಿ ಜನರನ್ನು ಸೆಳೆದದ್ದು ದಕ್ಷಿಣ ಅಮೆರಿಕ ಮೂಲದ, ಅಕ್ವೇರಿಯಂಗಳಲ್ಲಿ ಬೆಳೆಸುವ ಕಬೊಂಬಾ. ಅದರ ಚಿಕ್ಕ ತುಂಡೊಂದೇ ಹೊಸ ಗಿಡವಾಗಲು ಸಾಕು. ಕತ್ತರಿಸಿದ್ದನ್ನು ತಾರಸಿಯಲ್ಲಿ ಎರಡು ದಿನ ಬಿಸಿಲಿಗೆ ಹರಡಿ, ಗರಿಗರಿಯಾಗಿ ಒಣಗಿದ ಮೇಲೆ ಹೂಕುಂಡದ ಮಣ್ಣಿಗೆ ಬೆರೆಸಿ.